ದೊಡ್ಡದು ಮಾಡಿದ ದೀಪ

"ಬುದ್ಧೀ, ದಿನಾ ಇಷ್ಟಿಷ್ಟೇ ಮಾಡುವ ಬದಲು ಒಂದೇ ಸಲ ಜೋರಾಗಿ ಮಾಡಿ ಮುಗಿಸಬಾರದೇ?"

ಮರುಳಸಿದ್ಧ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಶಿಷ್ಯನ ಕಂಕುಳಲ್ಲಿ ಆಗಲೇ ಬಟ್ಟೆಯ ಗಂಟು ಬಂದು ಕೂತಿತ್ತು. ಮುಖ ಕೆಂಪಾಗಿತ್ತು. ನಿಂತಲ್ಲಿ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ.

"ಏನನ್ನು ಮುಗಿಸುತ್ತೀ?" ಎಂದರು ಗುರುಗಳು.

"ಸಾಧನೆಯನ್ನು, ಬುದ್ಧೀ! ಬೆಳಿಗ್ಗೆ ಒಂದಿಷ್ಟು ಪೂಜೆ, ಸಂಜೆ ಒಂದಿಷ್ಟು ಧ್ಯಾನ. ತಾವು ಹೇಳಿದ್ದನ್ನು ತಪ್ಪದೆ ಮಾಡುತ್ತಾ ಬಂದೆ. ಆದರೆ ಒಳಗಿನ ದೀಪ ಮಿಣಮಿಣ ಅನ್ನುತ್ತದೆಯೇ ಹೊರತು ಧಗ್ ಅಂತ ಹತ್ತುವುದಿಲ್ಲ. ಬೆಟ್ಟದ ಮೇಲಿನ ಗವಿ ಖಾಲಿ ಇದೆ. ಅನ್ನ ಬಿಟ್ಟು, ನಿದ್ದೆ ಬಿಟ್ಟು, ಹಗಲು ರಾತ್ರಿ ಒಂದು ಮಾಡಿ ಕೂತುಬಿಡುತ್ತೇನೆ. ನನ್ನ ದೀಪವನ್ನು ದೊಡ್ಡದು ಮಾಡಿಕೊಂಡೇ ಕೆಳಗಿಳಿಯುತ್ತೇನೆ. ಅಪ್ಪಣೆ ಕೊಡಿ."

ಗುರುಗಳು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಬಿಸಿಲಿಗೆ ಇಟ್ಟು ಕೈ ಕೊಡವಿಕೊಂಡರು.

"ಗಂಟು ಕೆಳಗಿಡು ತಮ್ಮಾ. ಅಪ್ಪಣೆ ಎಲ್ಲಿಗೂ ಓಡಿಹೋಗುವುದಿಲ್ಲ, ಬೆಟ್ಟವೂ ಓಡಿಹೋಗುವುದಿಲ್ಲ. ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಮರುಳಸಿದ್ಧ ಗಂಟು ಇಟ್ಟು, ಅದರ ಪಕ್ಕದಲ್ಲೇ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಹೆಂಚಿನ ವ್ಯಾಪಾರ ಮಾಡುತ್ತಿದ್ದ. ಅವನ ಹೆಸರು ನಿನಗೆ ಬೇಡ, ಈಗಲೂ ಬದುಕಿದ್ದಾನೆ. ಅವನಿಗೆ ಅದೇನು ಹುಚ್ಚು ಹತ್ತಿತೋ, ಒಂದು ಸ್ಪೋರ್ಟ್ಸ್ ಕಾರು ಕೊಂಡ. ಕೆಂಪು ಬಣ್ಣ. ಎರಡೇ ಸೀಟು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ನಮ್ಮ ಊರುಗಳಲ್ಲಿ ಹತ್ತು ಮಾರಿಗೊಂದು ರಸ್ತೆ ಉಬ್ಬು ಇರುವಾಗ ಅಂಥ ಕಾರು ಎಲ್ಲಿಗೆ ಹೋದೀತು? ವರ್ಷವೆಲ್ಲ ಷೆಡ್ಡಿನಲ್ಲೇ ಮುಸುಕು ಹೊದ್ದು ಮಲಗಿರುತ್ತಿತ್ತು.

ಊರಾಚೆ ಒಂದು ವಿಮಾನ ನಿಲ್ದಾಣವಿತ್ತು. ವಿಮಾನ ಬರುವುದು ಯಾವತ್ತೋ ನಿಂತುಹೋಗಿತ್ತು, ಓಡುದಾರಿ ಮಾತ್ರ ಹಾಗೇ ಉಳಿದಿತ್ತು. ವರ್ಷಕ್ಕೆ ಒಂದು ದಿನ ಅದನ್ನು ಇಂಥ ಕಾರುಗಳಿಗೆಂದು ತೆರೆಯುತ್ತಿದ್ದರು. ಆ ದಿನ ವರ್ತಕ ಕಾರನ್ನು ಹೊರಗೆ ತೆಗೆಯುತ್ತಿದ್ದ. ಉಬ್ಬು ಬಂದಲ್ಲೆಲ್ಲ ಹಲಗೆ ಇಟ್ಟು, ಬಸುರಿಯನ್ನು ಕರೆದೊಯ್ದಂತೆ ಮೆಲ್ಲಗೆ ದಾಟಿಸುತ್ತಿದ್ದ. ಓಡುದಾರಿಗೆ ಬಂದ ಮೇಲೆ ಬಿಡು, ಅವನನ್ನು ಹಿಡಿಯುವವರೇ ಇಲ್ಲ. ಸಂಜೆಗೆ ಮತ್ತೆ ಷೆಡ್ಡು, ಮತ್ತೆ ಮುಸುಕು.

ಈ ವರ್ತಕನ ಹತ್ತಿರ ಒಬ್ಬ ಡ್ರೈವರ್ ಇದ್ದ. ಹೆಂಚಿನ ಟೆಂಪೊ ಓಡಿಸುವುದು ಅವನ ಕೆಲಸ. ಆದರೆ ಪ್ರಾಣವೆಲ್ಲ ಆ ಕೆಂಪು ಕಾರಿನ ಮೇಲೆ. ದಿನಾ ಮುಸುಕು ಸರಿಸಿ ಒರೆಸುತ್ತಿದ್ದ. ಅದರೊಳಗೆ ಮಾತ್ರ ಒಂದು ದಿನವೂ ಕೂತವನಲ್ಲ. ಹೆಂಚಿನ ಧೂಳಿನ ಪಂಚೆ ಆ ಸೀಟಿಗೆ ತಾಗಿದರೆ ಏನು ಗತಿ ಎಂದು ಅವನಿಗೇ ಹೆದರಿಕೆ.

ಒಂದು ದಿನ ವರ್ತಕ ಇದನ್ನು ನೋಡಿದ. ಮನಸ್ಸು ಕರಗಿತು. "ಲೋ, ಈ ಸಲ ಓಡುದಾರಿಯ ದಿನ ಬೆಳಿಗ್ಗೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತೋ, ಪಕ್ಕದ ಸೀಟು ನಿನ್ನದು" ಎಂದ.

ಡ್ರೈವರ್‌ಗೆ ಆಕಾಶಕ್ಕೆ ಮೂರೇ ಗೇಣು! ಟೀ ಅಂಗಡಿಯಲ್ಲಿ ಹೇಳಿದ, ಗ್ಯಾರೇಜಿನಲ್ಲಿ ಹೇಳಿದ, ಹೆಂಚು ಇಳಿಸಲು ಹೋದ ಮನೆಗಳಲ್ಲೆಲ್ಲ ಹೇಳಿದ. ಹೆಂಡತಿಗಂತೂ ಹೇಳಿ ಹೇಳಿ ಅವಳ ತಲೆ ಚಿಟ್ಟು ಹಿಡಿಯಿತು. "ಆ ಓಟಕ್ಕೆ ಬೆನ್ನು ಸೀಟಿಗೆ ಅಂಟಿಕೊಂಡುಬಿಡುತ್ತದಂತೆ ಕಣೇ! ಕಣ್ಣಲ್ಲಿ ನೀರು ತಾನಾಗಿ ಬರುತ್ತದಂತೆ!" ಎನ್ನುವನು. ಅವಳು ಟ್ರಂಕಿನ ತಳದಲ್ಲಿದ್ದ ಅವನ ಮದುವೆಯ ಅಂಗಿಯನ್ನು ತೆಗೆದು ಇಸ್ತ್ರಿ ಮಾಡಿ ಗೂಟಕ್ಕೆ ನೇತುಹಾಕಿದಳು. ಹಾದು ಹೋಗುವಾಗಲೆಲ್ಲ ಅವನು ಅದನ್ನು ಮುಟ್ಟಿ ನೋಡುತ್ತಿದ್ದ.

ಈಗ ಆ ಕಾರಿನ ಬ್ಯಾಟರಿಯ ವಿಷಯ ಹೇಳಬೇಕು. ನಿಂತ ಗಾಡಿ ಪೂರ್ತಿ ಮಲಗಿರುತ್ತದೆ ಎಂದುಕೊಳ್ಳಬೇಡ. ಒಳಗೆ ಗಡಿಯಾರ ಓಡುತ್ತಿರುತ್ತದೆ. ಕಳ್ಳ ಬಂದರೆ ಕೂಗುವ ಯಂತ್ರ ಎಚ್ಚರವಾಗಿರುತ್ತದೆ. ಇವೆಲ್ಲ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯುತ್ತವೆ. ಹಾಗೇ ಬಿಟ್ಟರೆ ಬ್ಯಾಟರಿ ಬತ್ತಿಹೋಗುತ್ತದೆ. ಅದಕ್ಕೆಂದು ವರ್ತಕ ಒಂದು ಪುಟ್ಟ ಚಾರ್ಜರ್ ಹಾಕಿಟ್ಟಿದ್ದ. ಊಟದ ಡಬ್ಬಿಯಷ್ಟೂ ಇಲ್ಲ. ಅವು ಕುಡಿದಷ್ಟನ್ನೇ ಅದು ತುಂಬುತ್ತದೆ, ತುಂಬಿದ ಮೇಲೆ ತೆಪ್ಪಗಿರುತ್ತದೆ, ಮತ್ತೆ ಇಳಿದರೆ ಮತ್ತೆ ತುಂಬುತ್ತದೆ. ಅದರ ಮೇಲೆ ಒಂದು ಹಸಿರು ದೀಪ, ಸಾಸಿವೆ ಕಾಳಿನಷ್ಟು. ಅದು ಉರಿಯುತ್ತಿದ್ದರೆ ಎಲ್ಲ ಸರಿ ಎಂದು ಅರ್ಥ.

ಡ್ರೈವರ್‌ಗೆ ಆ ಡಬ್ಬಿಯನ್ನು ಕಂಡರೆ ಸಿಟ್ಟು. ಇಂಥ ಹುಲಿಯಂಥ ಗಾಡಿಗೆ ಇಷ್ಟು ಸಣ್ಣದೇ? ಗರ್ ಅನ್ನುವುದಿಲ್ಲ, ಬಿಸಿಯಾಗುವುದಿಲ್ಲ, ಕೆಲಸ ಮಾಡುತ್ತದೋ ಇಲ್ಲವೋ ಆ ದೇವರಿಗೇ ಗೊತ್ತು! ಆ ದಿನ ಬೆಳಿಗ್ಗೆ ಇದು ಕೈಕೊಟ್ಟರೆ? ಗೂಟದ ಮೇಲಿನ ಅಂಗಿ ನೆನಪಾದಾಗಲೆಲ್ಲ ಬಂದು ಆ ಡಬ್ಬಿಯನ್ನು ಬಗ್ಗಿ ನೋಡಿ ಹೋಗುತ್ತಿದ್ದ. ಒಮ್ಮೆ ವರ್ತಕನನ್ನು ಕೇಳಿಯೂ ನೋಡಿದ. "ಅದಕ್ಕೆ ಕೈ ಹಚ್ಚಬೇಡ. ಅದರ ಪಾಡಿಗೆ ಅದು ಮಾಡುತ್ತದೆ" ಎಂದು ವರ್ತಕ ಹೇಳಿದ. ಡ್ರೈವರ್ ತಲೆಯಾಡಿಸಿದ, ಒಪ್ಪಲಿಲ್ಲ.

ಓಡುದಾರಿಯ ದಿನ ಹತ್ತಿರ ಬಂತು. ಅಷ್ಟರಲ್ಲಿ ವರ್ತಕನ ತಂಗಿಗೆ ಹೆರಿಗೆಯಾಯಿತು. ಅವನು ತನ್ನ ಮುದಿ ತಾಯಿಯನ್ನು ಕರೆದುಕೊಂಡು ರೈಲಿನಲ್ಲಿ ಹೊರಟ. ಕಾರು ಓಡುವ ದಿನದ ಬೆಳಿಗ್ಗೆಗೆ ಸರಿಯಾಗಿ ಬಂದು ಇಳಿಯುತ್ತೇನೆ ಎಂದ.

ಆ ತಾಯಿಗೆ ಒಂದು ಅಭ್ಯಾಸವಿತ್ತು. ಕಾರು ಮನೆಗೆ ಬಂದ ಲಕ್ಷ್ಮಿ ಎಂದು ನಂಬಿದ್ದಳು. ಹೊರಡುವ ಮುಂಚೆ ಷೆಡ್ಡಿಗೆ ಹೋಗಿ, ಕಾರಿನ ಮುಂದೆ ಹಿತ್ತಾಳೆಯ ದೀಪ ಹಚ್ಚಿ, ಕೈಮುಗಿದು ಬಂದಳು. ಆಟೋ ಹತ್ತಿ ಕೂತ ಮೇಲೆ ಅದು ನೆನಪಾಯಿತು. ಪೆಟ್ರೋಲ್ ಗಾಡಿಯ ಮುಂದೆ ದೀಪ ಬಿಟ್ಟು ಹೋಗುವುದೇ? ಆಟೋದಿಂದ ತಲೆ ಹೊರಗೆ ಹಾಕಿ, ಗೇಟಿನಲ್ಲಿ ನಿಂತಿದ್ದ ಡ್ರೈವರ್‌ಗೆ ಕೂಗಿ ಹೇಳಿದಳು:

"ಮಗಾ, ಷೆಡ್ಡಿನ ದೀಪ ದೊಡ್ಡದು ಮಾಡಿಬಿಡಪ್ಪಾ, ಮರೀಬೇಡ!"

ಇಷ್ಟು ಕೇಳುತ್ತಲೇ ಮರುಳಸಿದ್ಧ ಕಿಸಕ್ಕನೆ ನಕ್ಕ. "ಬುದ್ಧೀ, ದೀಪ ಆರಿಸು ಅಂದಳಲ್ಲವೇ? ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಹಚ್ಚಿದ ದೀಪಕ್ಕೆ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು ಅಂತ. ಡ್ರೈವರ್‌ಗೆ ತಿಳಿಯಲಿಲ್ಲವೇ?"

"ನಿನ್ನ ಅಜ್ಜಿ ನಿನಗೆ ಹೇಳಿಕೊಟ್ಟಳು. ಅವನಿಗೆ ಯಾರು ಹೇಳಿಕೊಡಬೇಕು?" ಎಂದು ಗುರುಗಳು ಮುಂದುವರಿಸಿದರು.

ಅವನು ಹುಟ್ಟಿ ಬೆಳೆದದ್ದು ಪೇಟೆಯ ವಠಾರದಲ್ಲಿ. ಲೈಟು ಹಾಕು, ಲೈಟು ತೆಗಿ, ಅವನಿಗೆ ಗೊತ್ತಿದ್ದದ್ದು ಎರಡೇ ಮಾತು. ಅಮ್ಮಾವ್ರು ಹೇಳಿದ್ದನ್ನು ಹಾಗೇ ಕಿವಿಯಲ್ಲಿಟ್ಟುಕೊಂಡು ಷೆಡ್ಡಿಗೆ ಹೋದ. ಹಿತ್ತಾಳೆಯ ದೀಪ ಗಾಳಿಗೆ ಆಗಲೇ ಕೆಟ್ಟಿತ್ತು. ಕತ್ತಲಲ್ಲಿ ಉರಿಯುತ್ತಿದ್ದದ್ದು ಒಂದೇ ದೀಪ, ಆ ಸಾಸಿವೆ ಕಾಳಿನಷ್ಟು ಹಸಿರು ದೀಪ.

ಅವನಿಗೆ ಮೈ ಜುಂ ಎಂದಿತು. ಹಾಗಾದರೆ ಅಮ್ಮಾವ್ರಿಗೂ ಇದು ಸಣ್ಣದು ಅನ್ನಿಸಿದೆ! ನಾನು ಹೇಳಿದ್ದನ್ನೇ ಅವರೂ ಹೇಳಿದರು! ವರ್ತಕನಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಫೋನ್ ತೆಗೆದ ಕೂಡ. ಕೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಎಂದು ಮತ್ತೆ ಜೇಬಿಗೆ ಹಾಕಿಕೊಂಡ. ಮನೆಯೊಡೆಯನ ಮಾತಿಗಿಂತ ಅವನ ತಾಯಿಯ ಮಾತು ಮೇಲಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ನೆಟ್ಟಗೆ ಲಾರಿ ಗ್ಯಾರೇಜಿಗೆ ಓಡಿದ. ಕೈಕಾಲು ಹಿಡಿದು ಅಲ್ಲಿಯ ದೊಡ್ಡ ಚಾರ್ಜರನ್ನು ಕೇಳಿ ತಂದ. ಗಾಲಿಗಳ ಮೇಲೆ ತಳ್ಳಿಕೊಂಡು ಬರಬೇಕಾದಂಥದ್ದು. ಪುಟ್ಟ ಡಬ್ಬಿಯನ್ನು ಕಿತ್ತು ಮೂಲೆಗೆ ಸರಿಸಿ, ಇದನ್ನು ಸಿಕ್ಕಿಸಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಗುಂಯ್ ಎಂದು ಶುರುವಾಯಿತು ನೋಡು! ಮುಳ್ಳು ಹಾರಿತು, ಅಂಗೈಯಗಲದ ಕೆಂಪು ದೀಪ ಹತ್ತಿತು, ಷೆಡ್ಡೆಲ್ಲ ಕೆಂಪು ಕೆಂಪು! ಡ್ರೈವರ್ ಚಪ್ಪಾಳೆ ತಟ್ಟಿದ. "ಕುಡಿ ನನ್ನಪ್ಪಾ, ಹೊಟ್ಟೆ ತುಂಬಾ ಕುಡಿ!" ಎಂದು ಕಾರಿನ ಮೂತಿಯನ್ನು ಸವರಿದ.

ಆಮೇಲೆ ಅದನ್ನು ಆರಿಸಲೇ ಇಲ್ಲ. ಹಗಲೂ ಗುಂಯ್, ರಾತ್ರಿಯೂ ಗುಂಯ್. ಎರಡು ದಿನಕ್ಕೆ ಷೆಡ್ಡಿನಲ್ಲಿ ಕೊಳೆತ ಮೊಟ್ಟೆಯ ನಾತ ಎದ್ದಿತು. ಇಲಿ ಸತ್ತಿರಬೇಕು ಎಂದು ಮೂಲೆ ಮೂಲೆ ಹುಡುಕಿದ, ಸಿಗಲಿಲ್ಲ. ಊದುಬತ್ತಿ ಹಚ್ಚಿಟ್ಟ. ಕುದಿಯುವ ಬ್ಯಾಟರಿಯ ಹತ್ತಿರ ಬೆಂಕಿ ಕಡ್ಡಿ ಗೀರಬಾರದು, ಅದು ಅವನಿಗೆ ಗೊತ್ತಿರಲಿಲ್ಲ. ಅವನ ಹೆಂಡತಿಯ ತಾಳಿ ಗಟ್ಟಿ ಇತ್ತು, ಏನೂ ಆಗಲಿಲ್ಲ.

ಆ ದಿನ ಬಂತು. ಡ್ರೈವರ್ ತಲೆಗೆ ಸ್ನಾನ ಮಾಡಿ, ಮದುವೆಯ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಗೇಟಿನಲ್ಲಿ ನಿಂತ. ಹೆಂಡತಿಯೂ ನೋಡಲೆಂದು ಬಂದು ಬೇಲಿಯ ಪಕ್ಕ ನಿಂತಳು. ವರ್ತಕ ಆಟೋ ಇಳಿದವನೇ ನೇರ ಷೆಡ್ಡಿಗೆ ಬಂದ. ಡ್ರೈವರ್ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ, "ನೋಡಿ ಯಜಮಾನ್ರೇ!" ಎಂದ.

ವರ್ತಕ ಮೂಗು ಮುಚ್ಚಿಕೊಂಡ. ಚಾರ್ಜರ್ ನೋಡಿದ. ಹೋಗಿ ಅದನ್ನು ಆರಿಸಿ, ತಂತಿ ಕಳಚಿ, ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಟಿಕ್ ಎಂದಿತು. ಇನ್ನೊಮ್ಮೆ ತಿರುಗಿಸಿದ. ಟಿಕ್ ಎನ್ನಲೂ ಇಲ್ಲ.

ಮುಚ್ಚಳ ಎತ್ತಿ ನೋಡಿದರೆ ಬ್ಯಾಟರಿ ನಾಲ್ಕೂ ಕಡೆ ಊದಿಕೊಂಡಿತ್ತು. ಒಳಗಿನದೆಲ್ಲ ಕುದಿದು ಉಕ್ಕಿ ಹೊರಗೆ ಹರಿದಿತ್ತು. ಊದಿದ ಬ್ಯಾಟರಿಗೆ ಬೇರೆ ಗಾಡಿಯಿಂದ ತಂತಿ ಕೊಟ್ಟರೆ ಸಿಡಿದೀತು. ಹೊಸದು ಹಾಕೋಣವೆಂದರೆ ಅದು ಆ ಊರಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ವರ್ತಕ ಮುಸುಕನ್ನು ಎಳೆದು ಕಾರಿಗೆ ಹೊದಿಸಿದ.

ಅಷ್ಟರಲ್ಲಿ ತಾಯಿ ಬಂದಳು. "ಇದನ್ನು ಮಾಡು ಅಂತ ನಿನಗೆ ಯಾರು ಹೇಳಿದರೋ?" ಎಂದಳು.

"ನೀವೇ ಅಮ್ಮಾವ್ರೇ. ಷೆಡ್ಡಿನ ದೀಪ ದೊಡ್ಡದು ಮಾಡು ಅಂದಿರಲ್ಲ."

ಮುದುಕಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ ಕಂದಾ, ಆರಿಸು ಅಂದೆ ಕಣೋ! ನಾನು ಹಚ್ಚಿದ ದೀಪ ಆರಿಸು ಅಂದೆ!"

ಡ್ರೈವರ್ ಮುಸುಕು ಹೊದ್ದ ಕಾರನ್ನು ನೋಡಿದ. ಮೂಲೆಯಲ್ಲಿ ಬಿದ್ದಿದ್ದ ಪುಟ್ಟ ಡಬ್ಬಿಯನ್ನು ನೋಡಿದ. "ಅದನ್ನೇ ಮಾಡಿದ್ದೀನಿ ಬಿಡಿ ಅಮ್ಮಾವ್ರೇ" ಎಂದ.

ಆಗ ರಸ್ತೆಯಲ್ಲಿ ಸದ್ದಾಯಿತು. ಓಡುದಾರಿಗೆ ಹೊರಟ ಕಾರುಗಳು ಒಂದರ ಹಿಂದೆ ಒಂದು ಬಂದವು. ಹಳದಿ, ನೀಲಿ, ಬಿಳಿ. ನೆಲ ನಡುಗಿತು. ಮಕ್ಕಳು ಕೇಕೆ ಹಾಕಿದರು. ಡ್ರೈವರ್ ಇಸ್ತ್ರಿಯ ಅಂಗಿಯಲ್ಲಿ ಗೇಟು ಹಿಡಿದು ನಿಂತು ಕೊನೆಯ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಕಣ್ಣಲ್ಲಿ ನೀರು ತಾನಾಗಿ ಬಂತು. ಹೆಂಡತಿ ಬಂದು ಅವನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಗುರುಗಳು ಕತೆ ನಿಲ್ಲಿಸಿ ವಿಭೂತಿ ಗಟ್ಟಿಗಳನ್ನು ಮಗ್ಗುಲು ಬದಲಿಸಿಟ್ಟರು.

ಮರುಳಸಿದ್ಧನಿಗೆ ಒಂದು ಕಡೆ ನಗು, ಒಂದು ಕಡೆ ಮರುಕ. "ಛೆ, ಪಾಪ ಬುದ್ಧೀ! ಎಂಥ ಪೆದ್ದ! ಆ ಪುಟ್ಟ ದೀಪವನ್ನು ಅದರ ಪಾಡಿಗೆ ಉರಿಯಲು ಬಿಟ್ಟಿದ್ದರೆ ಸಾಕಾಗಿತ್ತು. ರಾಜನ ಹಾಗೆ ಸೀಟಿನಲ್ಲಿ ಕೂತು ಹೋಗುತ್ತಿದ್ದ!" ಎಂದು ತೊಡೆ ತಟ್ಟಿಕೊಂಡ.

ಗುರುಗಳು ಬಗ್ಗಿ, ಅವನ ಪಕ್ಕದಲ್ಲಿದ್ದ ಗಂಟನ್ನು ಎತ್ತಿ, ಧೂಳು ಕೊಡವಿ, ಅವನ ಕೈಗೇ ಕೊಟ್ಟರು.

"ತಗೋ ತಮ್ಮಾ, ನಿನ್ನ ದೀಪ ದೊಡ್ಡದು ಮಾಡುವುದಕ್ಕೆ ಯಾವಾಗ ಹೊರಡುತ್ತೀ?"