ಚನ್ನವೀರ ಅವ್ವನನ್ನು ಫ್ರಾನ್ಸಿಗೆ ಕರೆದೊಯ್ದದ್ದು

ಅವ್ವ ಒಂದು ಮಾತು ಹೇಳಿದರೆ ಸಾಕು, ಚನ್ನವೀರ ಎರಡೂ ಕಣ್ಣು ಮುಚ್ಚಿ, ಆ ಮಾತನ್ನು ತುಟಿಯಲ್ಲೇ ಒಮ್ಮೆ ತಿರುಗಿ ಆಡಿಕೊಂಡು, ಗುಳಿಗೆ ನುಂಗಿದವನ ಹಾಗೆ ಗಂಟಲು ಆಡಿಸಿ, ಆಮೇಲೆ 'ಹೂಂ ಯವ್ವಾ' ಅನ್ನುತ್ತಿದ್ದ. ಹೇಳಿದ್ದರಲ್ಲಿ ಒಂದಕ್ಷರ ಚೆಲ್ಲುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ನೀಲವ್ವನಿಗೆ ಇದ್ದ ಸಂಕಟವೇ ಅದು. ಒಂದೆರಡು ಅಕ್ಷರ ಚೆಲ್ಲಿದ್ದರೆ ಆ ಜಾಗದಲ್ಲಿ ಒಂದಿಷ್ಟು ಬುದ್ಧಿ ಕೂರುತ್ತಿತ್ತೋ ಏನೋ.

ತಾಯಿ ಮಗ ಇರುವುದು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ. ಹಾವೇರಿ ಕಡೆಯಿಂದ ಗಂಡನ ಹಿಂದೆ ಬಂದ ನೀಲವ್ವ, ಗಂಡ ಹೋದ ಮೇಲೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತವಳು. ಚನ್ನವೀರನಿಗೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸ. ಅಂಟಿಸು ಅಂದರೆ ಅಂಟಿಸುತ್ತಾನೆ. ಊಟಕ್ಕೆ ಏಳು ಅಂತ ಯಾರೂ ಹೇಳದಿದ್ದರೆ ಸಂಜೆತನಕ ಅಂಟಿಸುತ್ತಾನೆ.

ನೀಲವ್ವನಿಗೆ ಒಬ್ಬನೇ ತಮ್ಮ, ಗುರುಪಾದ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಇವಳಿಗೆ ಹದಿಮೂರು. ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅವನು ಓದಿ, ಊರೂರು ಸುತ್ತಿ, ಕಡೆಗೆ ಫ್ರಾನ್ಸಿನ ಪಶ್ಚಿಮದ ದಂಡೆಯಲ್ಲಿ, ಹಡಗು ಕಟ್ಟುವ ಒಂದು ಊರಲ್ಲಿ ನೆಲೆನಿಂತ. ನಲವತ್ನಾಲ್ಕಕ್ಕೆ ಸೊಲೆನ್ ಅನ್ನುವ ಅಲ್ಲಿಯವಳನ್ನೇ ಮದುವೆಯಾದ. ನಲವತ್ತೇಳಕ್ಕೆ, ಯಾರೂ ಆಸೆ ಇಟ್ಟುಕೊಳ್ಳದ ಹೊತ್ತಿನಲ್ಲಿ, ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದಲೇ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಹದಿಮೂರನೇ ದಿನ ತೊಟ್ಟಿಲಿಗೆ ಹಾಕತೀವಿ. ನೀ ಬಂದು ಕಿವ್ಯಾಗ ಹೇಳೋತನಕ ನನ್ನ ಕೂಸಿಗೆ ಹೆಸರಿಲ್ಲ."

ಅವರ ಮನೆತನದ ಪದ್ಧತಿ ಹಾಗೆ. ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಅಂತ ಊದಿ, ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ. ಆಮೇಲೆ ತಲೆ ಎತ್ತಿ ಕೂಡಿದವರಿಗೆಲ್ಲ ಗಟ್ಟಿಯಾಗಿ ಹೇಳಬೇಕು. ಅಲ್ಲಿಗೆ ಹೆಸರಿಟ್ಟ ಹಾಗೆ. ಈ ಕೂಸಿಗೆ ಇರುವುದು ಒಬ್ಬಳೇ ಸೋದರತ್ತೆ. ನೀಲವ್ವ ಅವತ್ತೇ ಹೆಸರು ಆರಿಸಿಟ್ಟಳು, ಯಾರಿಗೂ ಹೇಳಲಿಲ್ಲ. ಕೂಸಿನ ಕಿವಿಗಿಂತ ಮೊದಲು ಇನ್ನೊಂದು ಕಿವಿಗೆ ಅದು ಬೀಳಬಾರದು.

ವಿಮಾನ ಹತ್ತುವ ಹಾಗಿರಲಿಲ್ಲ. ಎರಡು ತಿಂಗಳ ಹಿಂದೆ ಕಿವಿಯ ಆಪರೇಷನ್ ಆಗಿ, ಆರು ತಿಂಗಳು ಮೇಲೆ ಹಾರಕೂಡದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಕೂಸಿಗೆ ಒಯ್ಯಬೇಕಾದ ಮನೆತನದ ತೊಟ್ಟಿಲು ರೈಲಿಗೆ ಹಿಡಿಸದು. ಉಳಿದದ್ದು ಕಾರು. ಡೋವರ್‌ತನಕ ಅರ್ಧ ದಿನ, ಅಲ್ಲಿ ಹಡಗಿನೊಳಗೇ ಕಾರು ಹತ್ತಿಸಬೇಕು, ಆಚೆ ದಂಡೆ ಕ್ಯಾಲೆಯಲ್ಲಿ ಇಳಿದು ಮತ್ತೆ ಏಳು ತಾಸಿನ ದಾರಿ. ನೀಲವ್ವನಿಗೆ ಕಾರು ಬಾರದು. ಓಡಿಸಬೇಕಾದವನು ಚನ್ನವೀರ. ಲೈಸೆನ್ಸಿನ ಪರೀಕ್ಷೆಯಲ್ಲಿ, ಪಕ್ಕದಲ್ಲಿ ಕೂತವರು ಹೇಳಿದ್ದನ್ನೆಲ್ಲ ಹಾಗೆ ಹಾಗೇ ಮಾಡಿದ್ದಕ್ಕೆ ಅವನಿಗೆ ಒಂದೇ ಸಲಕ್ಕೆ ಪಾಸು ಕೊಟ್ಟಿದ್ದರು.

ಇನ್ನು ಒಂಬತ್ತು ದಿನ ಇತ್ತು. ಫ್ರಾನ್ಸಿನಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ಹೋಗುವುದರೊಳಗೆ ಬಲಗಡೆ ಓಡಿಸಿ ರೂಢಿ ಮಾಡಿಕೋ ಅಂದಳು ನೀಲವ್ವ. ಚನ್ನವೀರ ಕಣ್ಣು ಮುಚ್ಚಿದ, ತುಟಿ ಆಡಿಸಿದ, ಹೂಂ ಯವ್ವಾ ಅಂದ. ಮರುದಿನ ಬೆಳಿಗ್ಗೆ ಕಾರು ತೆಗೆದು ತಮ್ಮ ಓಣಿಯಲ್ಲೇ ಬಲಗಡೆ ಹೊರಟ. ಎದುರಿಗೆ ಟಪಾಲಿನ ವ್ಯಾನು ಬಂತು. ಮೂತಿಗೆ ಮೂತಿ ಹಚ್ಚಿ ನಿಂತವು. ಟಪಾಲಿನ ಹೆಂಗಸು ಹಾರ್ನು ಬಾರಿಸಿದಳು, ಕೈ ಬೀಸಿದಳು, ಇಳಿದು ಬಂದು ಬೈದಳು. ಇವನು ಕಿಟಕಿ ಇಳಿಸಿ, ತಾನು ಫ್ರಾನ್ಸಿನಲ್ಲಿ ಇದ್ದೇನೆ ಅಂತ ಸಮಾಧಾನವಾಗಿ ತಿಳಿಸಿದ. ಕಡೆಗೆ ನೀಲವ್ವನೇ ಹಿಟ್ಟಿನ ಕೈಯಲ್ಲಿ ಓಡಿಬಂದು ಗಾಡಿ ಹಿಂದೆ ತೆಗೆಸಿದಳು.

ಇಲ್ಲಿದ್ದಾಗ ಇಲ್ಲಿಯವರ ಹಾಗೆ ಓಡಿಸಬೇಕು, ಅಲ್ಲಿ ಹೋದ ಮೇಲೆ ಅಲ್ಲಿಯವರ ಹಾಗೆ, ಅಷ್ಟೂ ತಿಳಿಯದೇನೋ ಅಂತ ಬೈದು, ಹೊಸ ಬುದ್ಧಿ ಹೇಳಿದಳು. "ನಿನಗ ತಿಳೀಲಿಲ್ಲಂದ್ರ ಮುಂದ ಹೋಗೋ ಗಾಡಿ ನೋಡು. ಅದು ಹೆಂಗ ಹೊಕ್ಕೈತಿ, ನೀನೂ ಹಂಗ ಹೋಗು."

ಕಣ್ಣು ಮುಚ್ಚಿದ, ತುಟಿ ಆಡಿಸಿದ, ಹೂಂ ಯವ್ವಾ ಅಂದ.

ಮರುದಿನ ಗಾಡಿಯ ಗಾಲಿ, ಬ್ರೇಕು ತೋರಿಸಿಕೊಂಡು ಬಾ ಅಂತ ಗ್ಯಾರೇಜಿಗೆ ಕಳಿಸಿದಳು. ದೊಡ್ಡ ರಸ್ತೆಗೆ ಬಂದ ಕೂಡಲೇ ಮುಂದೆ ಒಂದು ಉದ್ದನೆಯ ಕರೀ ಗಾಡಿ. ಮೈತುಂಬ ಹೂವು. ಎಷ್ಟು ಸಾವಕಾಶ, ಎಷ್ಟು ಗಂಭೀರ. ಚನ್ನವೀರನಿಗೆ ಬಹಳ ಹಿಡಿಸಿತು. ಅದು ಹೊಳ್ಳಿದಲ್ಲಿ ಹೊಳ್ಳಿದ, ನಿಂತಲ್ಲಿ ನಿಂತ. ಸ್ಮಶಾನದಲ್ಲಿ ಎಲ್ಲರೂ ಇಳಿದರು, ಇಳಿದ. ಎಲ್ಲರೂ ಹಿಡಿ ಮಣ್ಣು ಹಾಕಿದರು, ಹಾಕಿದ. ಆಮೇಲೆ ಸಭಾಂಗಣದಲ್ಲಿ ಚಹಾ, ಸ್ಯಾಂಡ್‌ವಿಚ್ಚು. ತೀರಿಕೊಂಡ ಮುದುಕನ ತಂಗಿ ಇವನ ಭುಜ ಹಿಡಿದು ಅತ್ತಳಂತೆ, ಇವನೂ ಅತ್ತನಂತೆ. ಮನೆಗೆ ಬಂದಾಗ ಐದೂವರೆ. ಗ್ಯಾರೇಜು ಬಾಗಿಲು ಹಾಕಿತ್ತು. ಕಾರಿನ ಬ್ರೇಕು ಇದ್ದ ಹಾಗೇ ಕಿರುಗುಟ್ಟುತ್ತಿತ್ತು.

ನೀಲವ್ವ ಹಣೆ ಹಣೆ ಬಡಿದುಕೊಂಡಳು. ಗುರುತು ಪರಿಚಯ ಇಲ್ಲದ ಹೆಣದ ಹಿಂದೆ ಹೋಗುತ್ತಾರೇನೋ ಅಂದಳು. ಮರುದಿನ ತಾನೇ ಪಕ್ಕದಲ್ಲಿ ಕೂತು ಗ್ಯಾರೇಜಿಗೆ ಹೋಗಿ ಬ್ರೇಕು ಸರಿಮಾಡಿಸಿದಳು. ಇನ್ನು ಮೇಲೆ ಗೊತ್ತಿಲ್ಲದವರ ಬೆನ್ನು ಹತ್ತಬೇಡ, ಫ್ರಾನ್ಸಿಗೆ ಹೋಗಿ ಬಂದವರು ಯಾರಿದ್ದಾರೆ ಅವರನ್ನು ಕೇಳು, ಅವರು ಹೇಳಿದ ಸಾಮಾನು ತಗೊಂಡು ಬಾ ಅಂದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಎರಡೇ ವಸ್ತು. ಗಾಡಿ ಕೆಟ್ಟರೆ ಹಿಂದೆ ನಿಲ್ಲಿಸಲು ಕೆಂಪು ತ್ರಿಕೋನ, ಇಳಿದವರು ತೊಡಲು ಹಳದಿ ಅಂಗಿ. ಅಲ್ಲಿಯ ಕಾಯಿದೆಗೆ ಅವು ಬೇಕು.

ಚನ್ನವೀರ ಕಣ್ಣು ಮುಚ್ಚಿದ, ತುಟಿ ಆಡಿಸಿದ, ಪಕ್ಕದ ಮನೆಯ ಡೆನಿಸ್ ಅಜ್ಜನ ಬಾಗಿಲು ತಟ್ಟಿದ. ಅಜ್ಜ ಫ್ರಾನ್ಸಿಗೆ ಹೋಗಿದ್ದು ನಿಜ. ಐವತ್ತು ವರ್ಷದ ಹಿಂದೆ, ಮೀನು ಹಿಡಿಯಲು, ಮೂರು ಜನ ಗೆಳೆಯರ ಜೊತೆ. ಕೇಳುವವರು ಸಿಕ್ಕಿದ್ದೇ ಹೆಚ್ಚಾಗಿ ಮಧ್ಯಾಹ್ನವಿಡೀ ಹೇಳಿದ. ಸಂಜೆಗೆ ಕಾರಿನಲ್ಲಿ ಡೇರೆ ಬಂತು, ಗೂಟ ಬಂದವು, ಸುತ್ತಿಗೆ ಬಂತು. ಸೀಮೆಎಣ್ಣೆ ಒಲೆ, ಮೀನಿನ ಬಲೆ, ಎರಡು ಬಕೆಟ್ಟು, ಮಡಚುವ ನಾಲ್ಕು ಕುರ್ಚಿ, ಇಪ್ಪತ್ನಾಲ್ಕು ಡಬ್ಬಿ ಬೇಯಿಸಿದ ಕಾಳು. ಕೆಂಪು ತ್ರಿಕೋನ ಬರಲಿಲ್ಲ, ಅಜ್ಜನ ಕಾಲದಲ್ಲಿ ಅದು ಇರಲಿಲ್ಲ.

ತೊಟ್ಟಿಲು ಎಲ್ಲಿಡುವುದು? ಹಾವೇರಿಯಿಂದ ಬಂದ ತೊಟ್ಟಿಲು, ಗುರುಪಾದ ಮಲಗಿದ್ದ ತೊಟ್ಟಿಲು. ಕಾರಿನ ತುಂಬ ಬಲೆ ಹರಡಿತ್ತು.

ನೀಲವ್ವ ಅಂಗಡಿಗೆ ಹೋಗಿ ತ್ರಿಕೋನ, ಅಂಗಿ ತಾನೇ ತಂದಳು. ಹೊರಡುವ ಹಿಂದಿನ ದಿನ ತೊಟ್ಟಿಲಿನ ಕಾಲು ಬಿಚ್ಚಿ, ಬಲೆಯ ಮೇಲೆ ಹೇಗೋ ತುರುಕಿ, ದಾರಿಯಲ್ಲಿ ಉಪಯೋಗಕ್ಕೆ ಬರುವಷ್ಟು ಮಾತ್ರ ಇಟ್ಟು ಉಳಿದದ್ದೆಲ್ಲ ಕೆಳಗಿಳಿಸು ಅಂತ ಹೇಳಿ ಬಟ್ಟೆ ಇಸ್ತ್ರಿ ಮಾಡಲು ಒಳಗೆ ಹೋದಳು.

ತಿರುಗಿ ಬಂದು ನೋಡುತ್ತಾಳೆ, ಡೇರೆ ಕೆಳಗೆ, ಬಲೆ ಕೆಳಗೆ, ಕಾಳಿನ ಡಬ್ಬಿ ಕೆಳಗೆ. ಬಹಳ ಚಂದ. ತೊಟ್ಟಿಲೂ ಕೆಳಗೆ. ದಾರಿಯಲ್ಲಿ ಅದರಲ್ಲಿ ಮಲಗುವವರು ಯಾರು? ಐದನೆಯ ಗಾಲಿಯೂ ಕೆಳಗೆ. ನಾಲ್ಕು ಓಡುತ್ತಿರುವಾಗ ಅದು ಯಾಕೆ? ಹಿಂದಿನ ಸೀಟು ಬಿಚ್ಚಿ ಗೋಡೆಗೆ ಆನಿಸಿತ್ತು. ಚನ್ನವೀರ ಪಾನಾ ಹಿಡಿದು ಮುಂದಿನ ಎಡಗಡೆಯ ಸೀಟಿನ ಬೋಲ್ಟಿನ ಹತ್ತಿರ ಕೂತಿದ್ದ.

"ಯವ್ವಾ, ದಾರ್ಯಾಗ ನೀ ಗಾಡಿ ಓಡಸ್ತಿ ಏನು?" ಅಂತ ಕೇಳಿದ.

ಇಲ್ಲ ಅಂದಳು.

"ಹಂಗಾರ ಇದೂ ಬ್ಯಾಡ," ಅಂತ ಪಾನಾ ತಿರುವಿದ.

ನೀಲವ್ವ ಪಾನಾ ಕಸಿದುಕೊಂಡಳು. ಎಲ್ಲವನ್ನೂ ಮತ್ತೆ ಜೋಡಿಸುವಷ್ಟರಲ್ಲಿ ಇಬ್ಬರ ಕೈಯೂ ಕರಿ ಆದವು. ಕಡೆಗೆ ಮೆಟ್ಟಿಲ ಮೇಲೆ ಕೂತು, ತಡೆದು ತಡೆದು ಹೇಳಿದಳು.

"ಚನ್ನೂ, ಇನ್ನ ನೀ ಏನೂ ವಿಚಾರ ಮಾಡಬ್ಯಾಡ. ನಾಳೆ ಮುಂಜಾನೆ ಏಳಕ್ಕ ಗಾಡಿ ಹೊರಡಬೇಕು. ಒಂದು ನಿಮಿಷ ತಡ ಆಗಬಾರದು. ಹಡಗು ಯಾರಿಗೂ ಕಾಯೂದಿಲ್ಲ, ನಾವೂ ಯಾರಿಗೂ ಕಾಯಬಾರದು. ಗಾಡಿ ಓಡಸೂವಾಗ ಫೋನ್ ಎತ್ತಬಾರದು. ಇಷ್ಟ ಮಾಡಪಾ, ಸಾಕು."

ಹೂಂ ಯವ್ವಾ ಅಂದ.

ಮುಂಜಾನೆ ಆರೂ ಐವತ್ತೈದಕ್ಕೆ ನೀಲವ್ವ ಚೀಲ ಹಾಕಿದಳು, ತೊಟ್ಟಿಲು ನೋಡಿದಳು, ಹಿತ್ತಿಲ ಬಾಗಿಲ ಚಿಲಕ ಹಾಕಿ ಚಹಾದ ಫ್ಲಾಸ್ಕು ತರಲು ಒಳಗೆ ಹೋದಳು. ಏಳು ಹೊಡೆಯಿತು. ಗಾಡಿ ಹೊರಟಿತು.

ಫ್ಲಾಸ್ಕು ಹಿಡಿದು ಓಣಿಯ ತುದಿತನಕ ಚಪ್ಪಲಿಯಲ್ಲಿ ಓಡಿದಳು. ಪಾಸ್‌ಪೋರ್ಟೂ ದುಡ್ಡೂ ಚೀಲದಲ್ಲಿ, ಚೀಲ ಕಾರಿನಲ್ಲಿ, ಹಿಂದಿನಿಂದ ರೈಲು ಹಿಡಿಯುವ ಹಾಗೂ ಇರಲಿಲ್ಲ. ಹನ್ನೊಂದು ಸಲ ಫೋನ್ ಮಾಡಿದಳು. ಅವನು ಗಾಡಿ ಓಡಿಸುತ್ತಿದ್ದ, ಎತ್ತಲಿಲ್ಲ. ಗುರುಪಾದ ಟಪಾಲಿನಲ್ಲಿ ಕಳಿಸಿದ್ದ, ದಾರಿ ಹೇಳುವ ಯಂತ್ರವೊಂದು ಕಾರಿನಲ್ಲಿತ್ತು. ಅದು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಅಂಥ ಯಂತ್ರಕ್ಕೆ ಅಂಥ ಚಾಲಕ ಲೋಕದಲ್ಲೇ ಇನ್ನೊಬ್ಬ ಸಿಕ್ಕಿರಲಿಕ್ಕಿಲ್ಲ. ಡೋವರಿನಲ್ಲಿ ಇನ್ನೊಬ್ಬ ಪ್ರಯಾಣಿಕರೆಲ್ಲಿ ಅಂತ ಕೇಳಿದರಂತೆ. ನಾವು ಯಾರಿಗೂ ಕಾಯುವುದಿಲ್ಲ ಅಂದನಂತೆ.

ರಾತ್ರಿ ಅವನದೇ ಫೋನ್ ಬಂತು. "ಯವ್ವಾ, ಮುಟ್ಟೇನಿ. ಒಂದು ನಿಮಿಷ ತಡ ಆಗಿಲ್ಲ."

ನೀಲವ್ವ ಬೈಯಲಿಲ್ಲ. ಗುರುಪಾದನಿಗೆ ಕೊಡು ಅಂದಳು. ಗುರುಪಾದ ಮುಂದಿನ ವಾರ ಇಡೋಣ ಅಕ್ಕಾ ಅಂದ. ಬೇಡ ಅಂದಳು. ಹದಿಮೂರನೆಯ ದಿನ ತಪ್ಪಬಾರದು, ಸೊಲೆನ್ ಕಡೆಯವರು ದೂರದೂರದಿಂದ ಬಂದಿದ್ದಾರೆ. ಅತ್ತೆ ಇಲ್ಲದಿದ್ದರೆ ಅತ್ತೆಯ ಮಗ ತೊಟ್ಟಿಲ ಹತ್ತಿರ ನಿಲ್ಲಲಿ, ಫೋನಿನಲ್ಲಿ ತಾನು ಹೆಸರು ಹೇಳುತ್ತೇನೆ. ಅದೂ ಅತ್ತೆಯೇ ಹೇಳಿದ ಹಾಗೆ. ಗುರುಪಾದ ಮೂಗು ಒರೆಸಿಕೊಂಡು ಆಗಲಿ ಅಂದ.

ಆಮೇಲೆ ಮಗನಿಗೆ ಹೇಳಿದಳು. ಈ ಸಲ ಎಲ್ಲವನ್ನೂ ಯೋಚಿಸಿ, ಎಲ್ಲೂ ಸಂದಿ ಬಿಡದೆ ಹೇಳಿದಳು. "ನಾಳೆ ಕೂಸಿನ ಕಿವಿಗೆ ಫೋನ್ ಗಟ್ಟಿಯಾಗಿ ಹಿಡಿ. ನಾ ತಗಿ ಅನ್ನೋತನಕ ತಗೀಬ್ಯಾಡ. ಫೋಟೋ ತಗೀತೀವಿ ಅಂತ ಯಾರರ ಕೇಳಿದ್ರೂ ಕೊಡಬ್ಯಾಡ, ಗುರುಪಾದ ಮಾವ ಕೇಳಿದ್ರೂ ಕೊಡಬ್ಯಾಡ. ನೀ ಬಾಯಿ ಬಿಡಬ್ಯಾಡ."

ಮರುದಿನ ತೊಟ್ಟಿಲು ಕಟ್ಟಿದರು. ಹೂ ಸುತ್ತಿದರು. ಕೂಸನ್ನು ಹಾಕಿದರು. ಚನ್ನವೀರ ಬಗ್ಗಿ ಫೋನ್ ಹಿಡಿದ. ಲೆಸ್ಟರಿನ ಅಡುಗೆಮನೆಯಲ್ಲಿ ನೀಲವ್ವ ಹೊಸ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಕುರ್ರ್ ಅಂತ ಊದಿದಳು. ಹೆಸರು ಹೇಳಿದಳು. ಮೂರು ಸಲ ಹೇಳಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಮತ್ತೊಮ್ಮೆ ಹೇಳಿದಳು.

ಅಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಎಲ್ಲರೂ ತೊಟ್ಟಿಲ ಸುತ್ತ ಕಾಯುತ್ತ ನಿಂತಿದ್ದರು. ಏನು ಹೆಸರು ಅಂತ ಸೊಲೆನ್ ಕೇಳಿದಳು, ಅವಳ ತಾಯಿ ಕೇಳಿದಳು. ಗುರುಪಾದ ಫೋನಿಗೆ ಕೈ ಚಾಚಿದ. ಚನ್ನವೀರ ಇಲ್ಲ ಅಂತ ತಲೆಯಾಡಿಸಿ ಫೋನನ್ನು ಇನ್ನೂ ಗಟ್ಟಿಯಾಗಿ ಹಿಡಿದ. ಬಾಯಿ ಬಿಡಲಿಲ್ಲ.

ಕೇಕೆ ಇಲ್ಲ, ಚಪ್ಪಾಳೆ ಇಲ್ಲ. ನೀಲವ್ವ ಕಾದಳು. ಮುಗೀತಪಾ, ಫೋನ್ ತಗಿ ಅಂದಳು. ಹದಿಮೂರು ದಿನದ ಕೂಸು ಆಕಳಿಸಿತು. ನೀಲವ್ವ ಇನ್ನಷ್ಟು ಮೆತ್ತಗೆ, ಕೂಸಿನ ಕಿವಿಯಲ್ಲಿ, ಬೇಡಿಕೊಂಡಳು.

"ಚನ್ನೂ, ಒಂದ ಸಲ ಫೋನ್ ನಿನ್ನ ಕಿವಿಗೆ ಹಿಡಿಯೋ ನನ್ನಪ್ಪಾ."