ಗಿಣ್ಣುಹಾಲಿಗೆ ಅರಿಶಿನ ಬಂದದ್ದು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಕೂತಿದ್ದವು, ಹೊಳೆ ತನ್ನ ದಾರಿ ಹುಡುಕುತ್ತಿತ್ತು. ಆಗ ಹಸುವಿನ ಹಾಲು ಕರು ಹಾಕಿದ ಮೊದಲ ದಿನದಿಂದಲೇ ಬೆಳ್ಳಗೆ, ತೆಳ್ಳಗೆ ಇರುತ್ತಿತ್ತು.

ಆ ಕಾಲದಲ್ಲಿ ಕೆಂದಿ ಎಂಬ ಹಸು ಇದ್ದಳು. ಅವಳ ಬೆನ್ನು ಹತ್ತಿದವನು ಜಡ್ಡಪ್ಪ ಎಂಬ ಕಾಯಿಲೆ. ಕಣ್ಣಿಗೆ ಕಾಣದಷ್ಟು ಚಿಕ್ಕವನು, ಜಂಬ ಮಾತ್ರ ಬೆಟ್ಟದಷ್ಟು. ಕೆಂದಿ ಮೇವು ಬಿಟ್ಟು, ಜ್ವರದಲ್ಲಿ ನರಳಿ, ಕೊನೆಗೂ ಎದ್ದು ನಿಂತಳು. ಆದರೆ ಜಡ್ಡಪ್ಪ ಪೂರ್ತಿ ಹೋಗಲಿಲ್ಲ. ಅವಳ ನಾಲಿಗೆಯ ಬುಡದಲ್ಲಿ ಅಡಗಿ ಕೂತ. ಅವಳು ಚೊಚ್ಚಲ ಕರುವನ್ನು ನೆಕ್ಕಿದಾಗ ಅದಕ್ಕೆ ಹತ್ತಿದ. ಕರು ಉಳಿಯಲಿಲ್ಲ.

ಎರಡನೆಯ ಕರು ಹುಟ್ಟಿತು. ಕೆಂದಿ ಅದನ್ನು ನೆಕ್ಕಲಿಲ್ಲ. ದೂರ ನಿಂತು ಅತ್ತಳು. ಒದ್ದೆ ಕರು ಗಡಗಡ ನಡುಗಿತು.

ಗಾಳಿಗೆ ಸಿಟ್ಟು ಬಂತು. "ಏನೇ ಕೆಂದಿ, ಹೆತ್ತ ಕರುವನ್ನು ನೆಕ್ಕದೆ ನಿಂತಿದ್ದೀಯಲ್ಲ! ನಾನು ಬೀಸಿದರೆ ಅದು ಸೆಟೆದುಹೋಗುತ್ತೆ ಕಣೇ."

"ನೆಕ್ಕಿದರೆ ಜಡ್ಡಪ್ಪ ಹತ್ತುತ್ತಾನಣ್ಣ. ನೆಕ್ಕದಿದ್ದರೆ ಚಳಿ ಕೊಲ್ಲುತ್ತೆ. ನಾನೇನು ಮಾಡಲಿ?"

"ಅವನು ನಿನ್ನನ್ನೂ ಹಿಡಿದಿದ್ದನಲ್ಲ? ಮತ್ತೆ ನೀನು ಹೇಗೆ ಬದುಕಿದೆ?"

ಕೆಂದಿ ಯೋಚಿಸಿದಳು. ಯೋಚಿಸುತ್ತಿದ್ದಂತೆ ಅವಳ ರಕ್ತದೊಳಗಿಂದ ಗುಜುಗುಜು ಕೇಳಿಸಿತು.

"ಅವ್ವಾ, ನಾವು ನಿನ್ನ ಕಾವಲುಗಾರರು! ಜ್ವರದಲ್ಲಿ ಅವನ ಜೊತೆ ಗುದ್ದಾಡಿದವರು ನಾವೇ. ಅವನ ಮುಖ, ಮೂತಿ ಎಲ್ಲ ನಮಗೆ ಗೊತ್ತು. ಪಾಪ, ಕರುವಿನೊಳಗೆ ಕಾಯುವವರು ಯಾರೂ ಇಲ್ಲ. ನಮ್ಮನ್ನು ಕಳಿಸು!"

"ಯಾವ ದಾರೀಲಿ ಹೋಗ್ತೀರಪ್ಪ?"

"ಹಾಲಿನ ದಾರೀಲಿ!"

ಕಾವಲುಗಾರರು ಮೈತುಂಬ ಅರಿಶಿನ ಬಳಿದುಕೊಂಡರು. ಹೆಗಲಿಗೆ ಹೆಗಲು ಕೊಟ್ಟು ಕೆಚ್ಚಲಿಗೆ ಇಳಿದರು. ಹಾಲು ಹಳದಿಯಾಯಿತು, ಮಂದವಾಯಿತು. ಕೆಂದಿ ಓಡಿಬಂದು ಕರುವನ್ನು ಮೂಗಿನಿಂದ ಬಾಲದವರೆಗೆ ನೆಕ್ಕಿದಳು. ಕರು ತಡವರಿಸುತ್ತ ಎದ್ದು, ಕೆಚ್ಚಲು ಗುದ್ದಿ ಗುದ್ದಿ ಕುಡಿಯಿತು.

ಜಡ್ಡಪ್ಪ ಮೀಸೆ ತಿರುವುತ್ತ ಕರುವಿನೊಳಗೆ ಬಂದ. ಬಾಗಿಲಲ್ಲೇ ಹಳದಿ ದಂಡು ನಿಂತಿತ್ತು.

"ಬಾ ಮಾವ, ನಿನ್ನನ್ನೇ ಕಾಯ್ತಿದ್ವಿ!"

ಜಡ್ಡಪ್ಪನಿಗೆ ಕಾಲಿಗೆ ಬುದ್ಧಿ ಹೇಳುವಷ್ಟೂ ಪುರಸೊತ್ತು ಸಿಗಲಿಲ್ಲ. ಅಲ್ಲೇ ಹಣ್ಣುಗಾಯಿ ನೀರುಗಾಯಿಯಾದ. ಕರು ಬಾಲ ಎತ್ತಿ ಚಂಗನೆ ನೆಗೆಯಿತು. ಕೆಂದಿಯ ಸಂತೋಷ ಹೇಳತೀರದು. ಅವಳ "ಅಂಬಾ" ಬೆಟ್ಟದಾಚೆಗೂ ಕೇಳಿತು.

ಅದಕ್ಕೇ ಇವತ್ತಿಗೂ ಹಸು ಕರು ಹಾಕಿದಾಗ ಮೊದಲ ಹಾಲು ಹಳದಿ. ಒಲೆಯ ಮೇಲಿಟ್ಟರೂ ಆ ಕಾವಲುಗಾರರು ಹೆಗಲು ಬಿಡುವುದಿಲ್ಲ, ಗಟ್ಟಿಯಾಗಿ ನಿಂತುಬಿಡುತ್ತಾರೆ. ಅದೇ ನೀವು ಬೆರಳು ಚೀಪುತ್ತ ತಿನ್ನುವ ಗಿಣ್ಣು. ಆದರೆ ನೋಡಿ, ಕರು ಹೊಟ್ಟೆ ತುಂಬ ಕುಡಿದು ತಾನಾಗಿ ಕೆಚ್ಚಲು ಬಿಡುವವರೆಗೂ ನಿಮ್ಮ ಮನೆಯ ಅಜ್ಜಿ ಹಾಲು ಕರೆಯುವ ಚೊಂಬು ಮುಟ್ಟುವುದಿಲ್ಲ.