ಸಂಕವ್ವ ಕಟ್ಟಿದ ಜಾರುಗಾಡಿ

ಹತ್ತಿರ ಬನ್ನಿ, ಕೂತುಕೊಳ್ಳಿ. ಬೆಂಕಿ ಮುಂದೆ ಕೂತು ಕೇಳಿದರೂ ಇದು ಚಳಿಯ ಕಥೆ. ನಡುನಡುವೆ ನನ್ನ ದನಿ ಜೋರಾದರೆ ಹೆದರಬೇಡಿ. ಸಿಟ್ಟು ನಿಮ್ಮ ಮೇಲಲ್ಲ. ನಿಮ್ಮ ಮೇಲೂ ಇದೆಯೋ ಏನೋ, ಕೊನೆಗೆ ನೀವೇ ಹೇಳಿ.

ಹಿಮದ ಬೆಟ್ಟಗಳ ನಡುವೆ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಒಂದು ದೊಡ್ಡ ಕೆರೆ. ಚಳಿಗಾಲ ಬಂದರೆ ಕೆರೆಯ ನೀರು ಹೆಪ್ಪುಗಟ್ಟಿ ಕಲ್ಲಾಗುತ್ತಿತ್ತು. ಜನ ಅದರ ಮೇಲೆ ನಡೆದು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರು. ಉಳಿ, ಗಾಳ, ಮೀನಿನ ಬುಟ್ಟಿ ಎಲ್ಲ ಸಾಗಿಸಲು ಮನೆಗೊಂದು ಜಾರುಗಾಡಿ. ಅದಕ್ಕೆ ಚಕ್ರ ಇಲ್ಲ. ಅಡಿಯಲ್ಲಿ ಎರಡು ಉದ್ದನೆಯ ಪಟ್ಟಿ, ಅಷ್ಟೆ. ಆ ಪಟ್ಟಿಗೆ ಅವರು ಜಾರುಕಾಲು ಅನ್ನುತ್ತಿದ್ದರು. ಜಾರುಕಾಲು ಚೆನ್ನಾಗಿದ್ದರೆ ಒಂಟಿ ಹೆಂಗಸೂ ಗಾಡಿ ಎಳೆದಾಳು. ಚೆನ್ನಾಗಿಲ್ಲದಿದ್ದರೆ ಎರಡು ಎತ್ತಿಗೂ ಆಗದು.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಕೆರೆ ಗಟ್ಟಿಯಾದ ಮೇಲೆ ಒಂದು ದಿನ ಗೊತ್ತು ಮಾಡುತ್ತಿದ್ದರು. ಆ ದಿನ ಹೊತ್ತು ಮುಳುಗುವುದರೊಳಗೆ ಸ್ವಂತ ಗಾಡಿ ಎಳೆದುಕೊಂಡು ಹೋಗಿ ಯಾರು ಎಲ್ಲಿ ತೂತು ಕೊರೆದರೋ, ಚಳಿಗಾಲವಿಡೀ ಆ ಜಾಗ ಅವರದು. ಗಾಡಿ ಇಲ್ಲದವರು ಅಂದು ಗಡ್ಡೆಯ ಮೇಲೆ ಕಾಲಿಡುವ ಹಾಗಿಲ್ಲ, ರಾಜನಾದರೂ ಸರಿ. ಜಾಗ ಸಿಗದವರು ಹಿಮ ಬಿದ್ದು ಕಣಿವೆ ಮುಚ್ಚುವ ಮೊದಲೇ ಊರು ಬಿಡಬೇಕು. ಮೀನಿಲ್ಲದ ಬಾಯಿಯನ್ನು ಚಳಿಗಾಲದಲ್ಲಿ ಯಾರು ಸಾಕುತ್ತಾರೆ?

ಸಂಕವ್ವ ಅಂತ ಒಬ್ಬಳಿದ್ದಳು. ಅವಳ ಗಂಡ ಹೋದ ವರ್ಷ ಗಡ್ಡೆ ಕರಗುವ ಕಾಲದಲ್ಲಿ ಗಾಡಿಯ ಸಮೇತ ಕೆರೆಯಲ್ಲಿ ಮುಳುಗಿದ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಒಲೆ ಹಚ್ಚುವಾಗ ಒಲೆಯ ಜೊತೆ ಮಾತಾಡುತ್ತಿದ್ದಳು. ಸೊಪ್ಪು ಹೆಚ್ಚುವಾಗ ಸೊಪ್ಪಿನ ಜೊತೆ. ಆಮೇಲೆ ಅದನ್ನೂ ಬಿಟ್ಟಳು.

ಕೆರೆಯ ಪಾರುಪತ್ಯಕ್ಕೆ ಬಿಜ್ಜರಸ ಅನ್ನುವವನನ್ನು ರಾಜ ನೇಮಿಸಿದ್ದ. ಕೆರೆಯ ನಡುವೆ ಆಳವಾದ ಒಂದು ಮಡು. ದಪ್ಪ ಮೀನೆಲ್ಲ ಅಲ್ಲೇ. ವರ್ಷ ವರ್ಷವೂ ಸಂಕವ್ವನ ಗಂಡನ ಗಾಡಿಯೇ ಮೊದಲು ಹೋಗಿ ಆ ಮಡುವನ್ನು ಹಿಡಿಯುತ್ತಿತ್ತು. ಈ ವರ್ಷ ಬಿಜ್ಜರಸನಿಗೆ ಅದು ಬೇಕು. ಮಡು ಹಿಡಿಯಲು ಅಡ್ಡ ಇದ್ದವಳು ಇವಳೊಬ್ಬಳು. ಇವಳಿಗೆ ಗಾಡಿ ಆಗಬಾರದು. ಅಷ್ಟೇ ಅವನ ಯೋಚನೆ.

ಸಂಕವ್ವ ತನ್ನ ಮಂಚ ನೋಡಿದಳು. ಇಬ್ಬರು ಮಲಗುವಷ್ಟು ಅಗಲ. "ಒಬ್ಬಳಿಗೆ ಯಾಕೆ ಇಷ್ಟು?" ಅಂದಳು. ನಡುವೆ ಗರಗಸ ಹಾಕಿದಳು. ಗಂಡ ಮಲಗುತ್ತಿದ್ದ ಅರ್ಧ ಗಾಡಿಯ ಹಲಗೆಯಾಯಿತು. ಇನ್ನು ಜಾರುಕಾಲು ಬೇಕು.

ಮೊದಲು ಮರ ಅಂದುಕೊಂಡಳು. ಮರ ಹಗುರ, ಗೀಸಲು ಸುಲಭ. ಗಾಳಿಗೆ ಬಿದ್ದ ದೇವದಾರುವಿನ ಕೊಂಬೆ ಎಳೆದು ತಂದು, ತುದಿ ಬಾಗಿಸಿ, ನುಣ್ಣಗೆ ಗೀಸಿ ಅಂಗಳದಲ್ಲಿ ಒಣಗಲು ಇಟ್ಟಳು. ಬಿಜ್ಜರಸ ಆಳುಗಳ ಜೊತೆ ಬಂದ.

"ಕಾಡು ಯಾರದಮ್ಮ?"

"ರಾಜರದು."

"ಹಾಗಾದರೆ ಕೊಂಬೆ?"

"ಅದು ತಾನಾಗಿ ಬಿದ್ದಿತ್ತು ಸ್ವಾಮಿ. ಎಡಮನೆ ಅಣ್ಣ ನೋಡಿದ್ದಾರೆ. ಕೇಳಿ."

ಎಡಮನೆಯ ಬಾಗಿಲು ತಟ್ಟಿದಳು. ಒಳಗಿಂದ ದನಿ ಬಂತು. "ನಾನೇನೂ ನೋಡಿಲ್ಲಮ್ಮ. ನನಗೆ ಕಣ್ಣು ಮಂಜು." ಚಿಲಕ ಬಿತ್ತು. ಕೊಂಬೆ ಹೋಯಿತು.

ಆಮೇಲೆ ಕಬ್ಬಿಣ ಅಂದುಕೊಂಡಳು. ಕಬ್ಬಿಣ ಭಾರ, ಕಡುಚಳಿಯಲ್ಲಿ ಹಿಮಕ್ಕೆ ಕಚ್ಚಿಕೊಳ್ಳುತ್ತದೆ. ಆದರೂ ಮುರಿಯುವುದಿಲ್ಲವಲ್ಲ. ಅವಳ ಅಪ್ಪನ ಮುರುಕಲು ಬಂಡಿಯ ಚಕ್ರಕ್ಕೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಬಡಿದು ನೆಟ್ಟಗೆ ಮಾಡಿದಳು. ಬಿಜ್ಜರಸ ಬಂದ.

"ಕಬ್ಬಿಣ ಯುದ್ಧಕ್ಕೆ ಬೇಕು."

"ಯಾರ ಮೇಲೆ ಯುದ್ಧ ಸ್ವಾಮಿ?"

"ಅದು ಇನ್ನೂ ಗೊತ್ತಾಗಿಲ್ಲ. ಕಬ್ಬಿಣ ಮೊದಲು, ಶತ್ರು ಆಮೇಲೆ."

"ಇದು ನಮ್ಮಪ್ಪನ ಬಂಡಿಯದು. ಬಲಮನೆ ಅತ್ತಿಗೆಗೆ ಗೊತ್ತು. ಆ ಬಂಡಿಯಲ್ಲೇ ಅವಳ ಮದುವೆಯ ದಿಬ್ಬಣ ಬಂದದ್ದು."

ಬಲಮನೆಯ ಬಾಗಿಲು ತಟ್ಟಿದಳು. "ಅಕ್ಕಾ, ನಮಗೂ ಮಕ್ಕಳಿದ್ದಾರೆ," ಅಂತ ಬಾಗಿಲು ಹೇಳಿತು. ಚಿಲಕ ಬಿತ್ತು. ಕಬ್ಬಿಣ ಹೋಯಿತು.

ಆಮೇಲೆ ಮೂಳೆ ಅಂದುಕೊಂಡಳು. ಮೂಳೆ ಚೆನ್ನಾಗಿ ಜಾರುತ್ತದೆ, ಕಲ್ಲಿಗೆ ತಾಗಿದರೆ ಮಾತ್ರ ಸೀಳಿಹೋಗುತ್ತದೆ. ಅವಳ ಮುದಿ ಚಮರಿ ಹಸು ಆ ವಾರ ಸತ್ತಿತ್ತು. ಅದು ಅವಳ ಮನೆಯ ಕೊನೆಯ ಜೀವ. ಅತ್ತುಕೊಂಡೇ ತೊಗಲು ತೆಗೆದಳು. ಅತ್ತುಕೊಂಡೇ ಪಕ್ಕೆಲುಬು ಉಜ್ಜಿದಳು. ಬಿಜ್ಜರಸ ಬಂದ.

"ಈ ಸೀಮೆಯಲ್ಲಿ ಸತ್ತದ್ದೆಲ್ಲ ಕೋಟೆಗೆ ಸೇರಿದ್ದು."

ಸಂಕವ್ವನಿಗೆ ರೇಗಿತು. "ಹಾಗಾದರೆ ನನ್ನ ಗಂಡನನ್ನೂ ಕೋಟೆಗೆ ತೆಗೆದುಕೊಂಡು ಹೋಗಿ. ಕೆರೆಯ ಅಡಿ ಇದ್ದಾನೆ. ಇಳಿದು ಎತ್ತಿ!"

ಆಳುಗಳು ತಲೆ ತಗ್ಗಿಸಿದರು. ಆದರೂ ಮೂಳೆ ಹೊತ್ತರು, ಜಾರುಕಾಲಿಗೆ ಆಗದ ತೊಗಲನ್ನು ಮಾತ್ರ ಬಿಟ್ಟರು. ಸಂಕವ್ವ ಎದುರುಮನೆಯ ಕಡೆ ತಿರುಗಿದಳು. ಅವಳು ತಟ್ಟುವ ಮೊದಲೇ ಅಲ್ಲಿ ಚಿಲಕ ಬಿತ್ತು.

ಅವಳು ಕೆರೆದಡಕ್ಕೆ ಹೋಗಿ ಕೂತಳು. ಅಲ್ಲಿ ಒಂದು ನೀರುನಾಯಿ ಇತ್ತು. ಅದರ ಜೋಡಿಯನ್ನು ಬಿಜ್ಜರಸನ ಆಳುಗಳು ಬೋನು ಇಟ್ಟು ಹಿಡಿದಿದ್ದರು. ಅಂದಿನಿಂದ ಅದೂ ಒಂಟಿ. ಬಾಯಿ ಮಾತ್ರ ಬಲು ಕೆಟ್ಟದ್ದು.

"ಏನೇ ಸಂಕವ್ವ, ಮುಖ ನೆನೆದ ಚಪ್ಪಲಿ ಥರ ಆಗಿದೆ!"

ಎಷ್ಟೋ ದಿನದ ಮೇಲೆ ಒಂದು ಜೀವ ಅವಳ ಹೆಸರು ಹಿಡಿದು ಕರೆದಿತ್ತು. ಸಂಕವ್ವನಿಗೆ ಬೈಗುಳವೂ ಸಿಹಿಯಾಯಿತು. ಎಲ್ಲ ಹೇಳಿಕೊಂಡಳು.

"ಮರ ಕಿತ್ತುಕೊಂಡ, ಕಬ್ಬಿಣ ಕಿತ್ತುಕೊಂಡ, ಮೂಳೆ ಕಿತ್ತುಕೊಂಡ. ಈಗ ಇರುವುದು ತೊಗಲು, ನೀರು, ಚಳಿ. ಇದರಲ್ಲಿ ಏನು ಮಾಡಲಿ?"

ನೀರುನಾಯಿ ತನ್ನ ಊಟಕ್ಕೆ ಇಟ್ಟುಕೊಂಡಿದ್ದ ಮೀನನ್ನು ಅವಳ ಮುಂದೆ ಎಸೆಯಿತು. ಮೀನು ಚಳಿಗೆ ಸೆಟೆದು ಹೋಗಿತ್ತು. ಗಡ್ಡೆಯ ಮೇಲೆ ಠಣ್ ಅಂತು. ಜಾರಿತು. ಜಾರುತ್ತಾ ಜಾರುತ್ತಾ ದೂರ ಹೋಯಿತು.

ಸಂಕವ್ವ ನೋಡಿದಳು. ನೀರುನಾಯಿಯೂ ನೋಡಿತು.

"ಅಯ್ಯೋ, ನನ್ನ ಊಟ!" ಅಂತು ನೀರುನಾಯಿ.

"ಇಂಥವು ಇನ್ನಷ್ಟು ತಂದುಕೊಡು," ಅಂದಳು ಸಂಕವ್ವ.

ಚಮರಿಯ ತೊಗಲನ್ನು ನೆನೆಸಿ ಉದ್ದಕ್ಕೆ ಸೀಳಿದಳು. ಮೀನಿನ ಬಾಲಕ್ಕೆ ಮೀನಿನ ತಲೆ ಸೇರಿಸಿ ಸಾಲಾಗಿ ಇಟ್ಟು, ತೊಗಲಲ್ಲಿ ಬಿಗಿಯಾಗಿ ಸುತ್ತಿ ಹೊಲಿದಳು. ತುದಿ ಬಾಗಿಸಿ ಹೊರಗೆ ಚಳಿಗೆ ಇಟ್ಟಳು. ಅದು ಕಲ್ಲಾಯಿತು. ಅಡಿಗೆ ನೀರು ಸವರಿದಳು. ನೀರು ಗಾಜಾಯಿತು. ಹಲಗೆ ಕಟ್ಟಿ ಬೆರಳಲ್ಲಿ ತಳ್ಳಿದಳು. ಗಾಡಿ ಅಂಗಳ ದಾಟಿ ಹೋಗಿ ಬೇಲಿಗೆ ಗುದ್ದಿತು. ಸಂಕವ್ವ ನಕ್ಕಳು. ನಕ್ಕದ್ದನ್ನು ಕೇಳಿ ತಾನೇ ಬೆಚ್ಚಿದಳು.

ಆಮೇಲೆ ಒಳಗೆ ಹೋಗಿ ಮಂಚದ ಉಳಿದರ್ಧವನ್ನೂ ಹೊರಗೆ ತಂದಳು. ತಾನು ಮಲಗುವ ಅರ್ಧ.

"ಇನ್ನೊಂದು ಯಾಕೆ?" ನೀರುನಾಯಿ ಕೇಳಿತು.

"ಅವನು ಮತ್ತೆ ಬರುತ್ತಾನೆ. ಬಂದವನನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಒಂದು ಅವನಿಗೆ, ಒಂದು ನನಗೆ."

ಎರಡನೆಯ ಗಾಡಿಯನ್ನು ಮನೆಯ ಹಿಂದೆ ಹಿಮದಲ್ಲಿ ಹೂತಿಟ್ಟಳು. ಮೊದಲನೆಯದನ್ನು ಎಲ್ಲರಿಗೂ ಕಾಣುವ ಹಾಗೆ ಅಂಗಳದಲ್ಲಿ ನಿಲ್ಲಿಸಿದಳು.

ಗೊತ್ತಾದ ದಿನದ ಹಿಂದಿನ ಸಂಜೆ ಬಿಜ್ಜರಸ ಬಂದೇ ಬಂದ.

"ಇದಕ್ಕೆ ಏನು ಹಾಕಿದ್ದೀಯ?"

"ತೊಗಲು, ನೀರು, ಚಳಿ, ಸ್ವಾಮಿ."

"ಚಳಿಯೂ ರಾಜರದೇ," ಅಂದ. ಕಾಲ ತುದಿಯಿಂದ ತಳ್ಳಿ ನೋಡಿದ. ಗಾಡಿ ಹಾರಿತು. ಅವನ ಕಣ್ಣು ಅರಳಿತು. ಅವನ ಸ್ವಂತ ಗಾಡಿ ಕಬ್ಬಿಣದ ಜಾರುಕಾಲಿನದು, ಎಳೆಯಲು ಆಳುಗಳೇ ಏದುಸಿರು ಬಿಡುತ್ತಿದ್ದರು. "ಇದನ್ನು ನಾನೇ ಇಟ್ಟುಕೊಳ್ಳುತ್ತೇನೆ."

"ಇಟ್ಟುಕೊಳ್ಳಿ. ಒಂದು ಮಾತು ಮಾತ್ರ ಕೇಳಿ. ಅದನ್ನು ಹೊರಗೇ ಬಿಡಿ. ಮನೆಯೊಳಗೆ ತರಬೇಡಿ. ಬೆಂಕಿಯ ಹತ್ತಿರವಂತೂ ಇಡಲೇಬೇಡಿ."

ಸಂಕವ್ವ ಹೇಳಿದ್ದು ಅಪ್ಪಟ ನಿಜ. ಆದರೆ ಬಿಜ್ಜರಸ ಹುಟ್ಟಿದಾಗಿನಿಂದ ನಿಜ ಹೇಳಿದವನಲ್ಲ. ಬೇರೆಯವರು ಹೇಳುತ್ತಾರೆ ಅಂತ ಅವನು ನಂಬುವುದು ಹೇಗೆ? 'ಹೊರಗೆ ಬಿಟ್ಟರೆ ಬಂದು ಎಳೆದುಕೊಂಡು ಹೋಗುವ ಹೂಟ ಇವಳದು,' ಅಂದುಕೊಂಡ. ಗಾಡಿಯನ್ನು ಹಜಾರದೊಳಗೆ ತರಿಸಿದ. ತನ್ನ ಹಾಸಿಗೆಯ ಪಕ್ಕಕ್ಕೆ, ಅಗ್ಗಿಷ್ಟಿಕೆಯ ಎದುರಿಗೇ ನಿಲ್ಲಿಸಿದ. ಹಿಗ್ಗಿಗೆ ಹಳೆಯ ಗಾಡಿಯನ್ನು ಒಡೆಸಿ, ಆ ಸೌದೆಯನ್ನೂ ಬೆಂಕಿಗೆ ಹಾಕಿಸಿದ. ಬೆಚ್ಚಗೆ ಮಲಗಿದ.

ಬೆಳಗಾಯಿತು. ಹಜಾರದ ತುಂಬ ನೀರು, ನಾತ. ತೊಗಲು ಬಿಚ್ಚಿಕೊಂಡು ಬಿದ್ದಿದೆ. ನಾಯಿಗಳು ಮೀನು ಕಚ್ಚಿಕೊಂಡು ಮೂಲೆ ಮೂಲೆಗೆ ಓಡುತ್ತಿವೆ. ಉಳಿದದ್ದು ಅರ್ಧ ಮಂಚದ ಹಲಗೆ.

ಬಿಜ್ಜರಸ ಕೆರೆದಡಕ್ಕೆ ಓಡಿದ. ಸಂಕವ್ವ ಅಷ್ಟು ಹೊತ್ತಿಗೆ ಗಡ್ಡೆಯ ಮೇಲೆ ಅರ್ಧ ದಾರಿ ಹೋಗಿದ್ದಳು. ಅವಳ ಹಿಂದೆ ಗಾಡಿ ನೆರಳಿನ ಹಾಗೆ ಸದ್ದಿಲ್ಲದೆ ಬರುತ್ತಿತ್ತು.

"ನಿಲ್ಲು! ಹಿಡಿಯಿರಿ ಅವಳನ್ನು!"

ಯಾರು ಹಿಡಿಯಬೇಕು? ಗಾಡಿ ಇಲ್ಲದವನು ಕಾಲಿಡುವ ಹಾಗಿಲ್ಲ. ಪಾರುಪತ್ಯಗಾರನಾದರೂ ಅಷ್ಟೆ, ಅವನ ಆಳಾದರೂ ಅಷ್ಟೆ. ಅವನು ದಡದಲ್ಲಿ ಊರವರ ಮುಂದೆ ಕೈ ಚಾಚಿದ.

"ಏಯ್, ಎಡಮನೆಯವನೇ, ನಿನ್ನ ಗಾಡಿ ಕೊಡೋ!"

ಎಡಮನೆಯವನು ಗಾಡಿ ಎಳೆದುಕೊಂಡು ಮುಂದೆ ಹೋದ.

"ಬಲಮನೆಯಮ್ಮ, ನೀನಾದರೂ ಕೊಡಮ್ಮ!"

ಅವಳೂ ಮುಂದೆ ಹೋದಳು.

"ಎದುರುಮನೆಯಣ್ಣ..."

ಕೂಗು ಮುಗಿಯುವ ಮೊದಲೇ ಎದುರುಮನೆಯವನು ಹೊರಟಿದ್ದ.

ಇದನ್ನು ಧೈರ್ಯ ಅಂತ ಯಾರೂ ಹೊಗಳಬೇಡಿ. ಅದು ಅಭ್ಯಾಸ. ಸಂಕವ್ವನ ಕೂಗು ಕೇಳಿಸದ ಹಾಗೆ ಇರುವುದನ್ನು ಕಲಿಸಿದವನು ಬಿಜ್ಜರಸನೇ. ಕಲಿತ ಕಿವಿಗೆ ಈಗ ಅವನ ಕೂಗೂ ಕೇಳಿಸಲಿಲ್ಲ.

ಹೊತ್ತು ಮುಳುಗಿತು. ಮಡುವಿನ ಮೇಲೆ ಸಂಕವ್ವನ ತೂತು ಇತ್ತು. ಬಿಜ್ಜರಸನಿಗೆ ಅಂಗೈಯಗಲ ಜಾಗವೂ ಇರಲಿಲ್ಲ. ಕಣಿವೆ ಮುಚ್ಚುವ ಮೊದಲು ಅವನು ಗಂಟು ಹೊತ್ತು ಬೆಟ್ಟ ಹತ್ತಿದ. ಬೀಳ್ಕೊಡಲು ಯಾರೂ ಬರಲಿಲ್ಲ.

ಮಾರನೆಯ ದಿನ ನೆರೆಯವರು ತಮ್ಮ ನಾಯಿಗಳ ಜೊತೆ ಮಡುವಿನ ಹತ್ತಿರ ಬಂದರು. ಕೈಯಲ್ಲಿ ಬಿಸಿ ಗಂಜಿ.

"ಅಕ್ಕಾ, ನಿನ್ನದು ಎಂಥ ಎದೆಗಾರಿಕೆ!" ಅಂದಳು ಬಲಮನೆಯವಳು.

"ಎದೆಗಾರಿಕೆ ಅಲ್ಲ ಅತ್ತಿಗೆ. ನನಗೆ ಬೇರೆ ಗತಿ ಇರಲಿಲ್ಲ," ಅಂದಳು ಸಂಕವ್ವ. "ಆ ದಿನ ನಿಮ್ಮಲ್ಲಿ ಒಬ್ಬರಾದರೂ ಬಾಗಿಲು ತೆಗೆದು 'ನಾನು ನೋಡಿದ್ದೇನೆ' ಅಂದಿದ್ದರೆ, ಇವತ್ತು ನನಗೆ ಅರ್ಧ ಮಂಚವಾದರೂ ಇರುತ್ತಿತ್ತು."

ಗಂಜಿಯ ಮೇಲೆ ಕೆನೆ ಕಟ್ಟಿತು, ಆಮೇಲೆ ಮಂಜು ಕಟ್ಟಿತು. ಒಬ್ಬೊಬ್ಬರಾಗಿ ತಮ್ಮ ತಮ್ಮ ತೂತಿನ ಕಡೆ ಹೋದರು. ನಾಯಿಗಳ ವಾಸನೆಗೆ ಹೆದರಿದ ನೀರುನಾಯಿ ಮತ್ತೆ ಆ ಕಡೆ ಸುಳಿಯಲಿಲ್ಲ. ಆ ಚಳಿಗಾಲ ಸಂಕವ್ವನ ಬುಟ್ಟಿ ದಿನವೂ ತುಂಬುತ್ತಿತ್ತು. ಅವಳು ನೆಲದ ಮೇಲೆ ಮಲಗುತ್ತಿದ್ದಳು. ಹೆಸರು ಹಿಡಿದು ಬೈಯುವವರು ಯಾರೂ ಇರಲಿಲ್ಲ.

ನೀತಿ ಏನು ಅಂತ ಕೇಳುತ್ತೀರಾ? ಹೇಳುತ್ತೇನೆ, ಕೇಳಿ. ಕಿತ್ತುಕೊಳ್ಳುವವನು ಯಾವಾಗಲೂ ಒಬ್ಬನೇ. ಅವನ ಬಲ ಅವನ ತೋಳಲ್ಲಿಲ್ಲ, ಅಕ್ಕಪಕ್ಕದವರು ಹಾಕಿಕೊಂಡ ಚಿಲಕದಲ್ಲಿದೆ. ಅವನನ್ನು ಓಡಿಸಲು ಒಬ್ಬಳ ಜಾಣತನ ಸಾಕು. ಆದರೆ ಅವನು ಹೋದ ಮೇಲೂ ಆ ಒಬ್ಬಳು ಒಂಟಿಯಾಗಿಯೇ ಉಳಿದರೆ, ಆ ಪಾಪ ಅವನೊಬ್ಬನದಲ್ಲ, ಊರಿನದು.

ಕಥೆ ಆಯಿತು. ಎದ್ದು ಮನೆಗೆ ಹೋಗಿ. ನಾಳೆ ನಿಮ್ಮ ಬಾಗಿಲನ್ನು ಯಾರಾದರೂ ತಟ್ಟಿದರೆ, ಯಾರು ಅಂತ ಕೇಳುವ ಮೊದಲು ತೆಗೆಯಿರಿ.